ಮೂವತ್ತಮೂರರ ಲೆಕ್ಕ, ನಮ್ಮ ಬೀರು

ಒಂದಕ್ಕೊಂದು ಹೊಂದುವ ಕೆಲವೇ ಬಟ್ಟೆಗಳ ಕ್ಯಾಪ್ಸೂಲ್ ವಾರ್ಡ್‌ರೋಬನ್ನು ಮೆಚ್ಚುವವರೂ ಗೇಲಿ ಮಾಡುವವರೂ ಅದನ್ನೊಂದು ವ್ರತವೆಂದೇ ತಿಳಿದಿದ್ದಾರೆ. ಬಟ್ಟೆ ಕಡಿಮೆಯಾದರೆ ಮನಸ್ಸು ಹಗುರಾಗುತ್ತದೆ ಎಂಬ ಬೋಧನೆ ಅದಕ್ಕೆ ಆಮೇಲೆ ಅಂಟಿಕೊಂಡದ್ದು. ಮೊದಲಿಗೆ ಅದು ಬಟ್ಟೆ ಮಾರುವವರೇ ಕಂಡುಕೊಂಡ ಒಂದು ಲೆಕ್ಕಾಚಾರ. 1970ರ ದಶಕದಲ್ಲಿ ಲಂಡನ್ನಿನಲ್ಲಿ ‘ವಾರ್ಡ್‌ರೋಬ್’ ಎಂಬ ಹೆಸರಿನದೇ ಅಂಗಡಿ ಇಟ್ಟಿದ್ದ ಸೂಸಿ ಫೋ ‘ಕ್ಯಾಪ್ಸೂಲ್ ವಾರ್ಡ್‌ರೋಬ್’ ಎಂಬ ಮಾತನ್ನು ಚಾಲ್ತಿಗೆ ತಂದವರು. ಫ್ಯಾಶನ್ನಿನ ಹಿಂದೆ ಓಡಬೇಡಿ, ಒಳ್ಳೆಯ ಹೊಲಿಗೆಯ ಕೆಲವೇ ಬಟ್ಟೆ ಕೊಳ್ಳಿ, ಕಾಲಕ್ಕೆ ತಕ್ಕಂತೆ ಒಂದೆರಡನ್ನು ಸೇರಿಸಿಕೊಳ್ಳಿ ಎಂಬುದು ಅವರ ಸಲಹೆಯ ತಿರುಳು. 1985ರಲ್ಲಿ ನ್ಯೂಯಾರ್ಕಿನ ಡೊನ್ನಾ ಕ್ಯಾರನ್ ಇದನ್ನೇ ‘ಸೆವೆನ್ ಈಸಿ ಪೀಸಸ್’ ಎಂದು ಏಳು ಉಡುಪುಗಳ ಸಂಗ್ರಹ ಮಾಡಿ ವೇದಿಕೆಗೆ ತಂದರು. ಮೈಗಂಟಿದ ಬಾಡಿಸೂಟ್ ಅದರ ತಳಪಾಯ. ಅದರ ಮೇಲೆ ಸ್ಕರ್ಟ್ ಸುತ್ತಿದರೆ ಒಂದು ರೂಪ, ಪ್ಯಾಂಟು ಜಾಕೆಟ್ಟು ತೊಟ್ಟರೆ ಇನ್ನೊಂದು.

ಇಬ್ಬರ ಎದುರಿಗೂ ಇದ್ದದ್ದು ಆ ಕಾಲದ ಒಂದು ನಿಜವಾದ ತೊಂದರೆ. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕಚೇರಿಗೆ ಹೊರಟಿದ್ದರು. ಗಂಡಸರಿಗಾದರೆ ಸೂಟು ಎಂಬ ಸಿದ್ಧ ಉತ್ತರವಿತ್ತು, ಇವರಿಗೆ ಇರಲಿಲ್ಲ. ಬೆಳಗಿನ ಮೀಟಿಂಗಿಗೂ ಸಂಜೆಯ ಊಟಕ್ಕೂ ಒಂದೇ ಬಟ್ಟೆ ಒದಗಬೇಕಿತ್ತು. ನಾಲ್ಕು ಮೇಲುಡುಪು, ಮೂರು ಕೆಳ ಉಡುಪು, ಎರಡು ಜಾಕೆಟ್ ಇದ್ದು, ಪ್ರತಿಯೊಂದೂ ಉಳಿದೆಲ್ಲದರ ಜೊತೆ ಹೊಂದುವಂತಿದ್ದರೆ 24 ಬಗೆಯ ವೇಷಗಳಾಗುತ್ತವೆ. ಒಂಬತ್ತು ಬಟ್ಟೆಗೆ ಇಪ್ಪತ್ತನಾಲ್ಕು ದಿನ. ಈ ಗುಣಾಕಾರವೇ ಪದ್ಧತಿಯ ಜೀವ. ಬಟ್ಟೆಗಳ ಸಂಖ್ಯೆಗಿಂತ ಅವುಗಳ ನಡುವಿನ ಸಂಬಂಧ ಮುಖ್ಯ ಎಂಬ ಅರಿವು ಇದರಲ್ಲಿದೆ, ಅದು ನಿಜಕ್ಕೂ ಬೆಲೆಯುಳ್ಳದ್ದು.

ಆ ಅರಿವು ಮಸುಕಾದದ್ದು ಸಂಖ್ಯೆಯೇ ಮುಂದೆ ಬಂದಾಗ. 2010ರಲ್ಲಿ ಅಮೆರಿಕದ ಕೋರ್ಟ್ನಿ ಕಾರ್ವರ್ ಶುರು ಮಾಡಿದ ‘ಪ್ರಾಜೆಕ್ಟ್ 333’ ಈಗ ಎಲ್ಲರ ಬಾಯಲ್ಲಿದೆ: ಮೂರು ತಿಂಗಳು, 33 ವಸ್ತು. ಚಪ್ಪಲಿ, ಕೋಟು, ಒಡವೆ ಎಲ್ಲ ಈ ಲೆಕ್ಕದೊಳಗೆ ಬರುತ್ತವೆ. ಮದುವೆಯ ಉಂಗುರ, ಒಳಉಡುಪು, ಮಲಗುವಾಗಿನ ಬಟ್ಟೆ, ಮನೆಯೊಳಗೆ ಹಾಕುವ ಬಟ್ಟೆ, ವ್ಯಾಯಾಮದ ಬಟ್ಟೆ ಹೊರಗೆ. ಮನೆಯೊಳಗಿನದು ಲೆಕ್ಕಕ್ಕಿಲ್ಲ ಎಂದ ಕೂಡಲೇ ಈ ನಿಯಮ ನಮ್ಮೂರಲ್ಲಿ ಮುಗ್ಗರಿಸುತ್ತದೆ. ಯಾಕೆಂದರೆ ನಮ್ಮ ಲಕ್ಷಾಂತರ ಹೆಂಗಸರ ದಿನನಿತ್ಯದ ಉಡುಪು ನೈಟಿ. ಅಡುಗೆ ಮಾಡುವುದು, ಬಟ್ಟೆ ಒಗೆಯುವುದು, ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗುವುದು ಅದರಲ್ಲೇ. ಮೇಲೊಂದು ವೇಲ್ ಹೊದ್ದುಕೊಂಡರೆ ಹಾಲಿನವನ ಹತ್ತಿರ, ತರಕಾರಿ ಗಾಡಿಯ ಹತ್ತಿರ, ಬೀದಿ ಕೊನೆಯ ಅಂಗಡಿಯ ತನಕವೂ ಸೈ. ಒಂದೇ ಬಟ್ಟೆ ಹತ್ತು ಕೆಲಸಕ್ಕೆ ಒದಗಬೇಕೆಂಬುದೇ ಪರೀಕ್ಷೆಯಾದರೆ ನೈಟಿ ಮೊದಲ ದರ್ಜೆಯಲ್ಲಿ ಪಾಸು. ಪಟ್ಟಿ ಮಾಡುವವರು ಅದರ ಹೆಸರನ್ನೂ ಎತ್ತುವುದಿಲ್ಲ.

ಇನ್ನು ಹವೆ. ತಣ್ಣನೆಯ ದೇಶದಲ್ಲಿ ಒಂದು ಪ್ಯಾಂಟನ್ನು ವಾರದಲ್ಲಿ ನಾಲ್ಕು ದಿನ ಹಾಕಬಹುದು. ಬೆವರು ಬರುವ ಊರಿನಲ್ಲಿ ಹಾಕಿದ್ದನ್ನು ಅಂದೇ ಒಗೆಯಬೇಕು. ಒಗೆದದ್ದು ಒಣಗಬೇಕಲ್ಲ? ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಲ್ಲಿ ಜುಲೈ ತಿಂಗಳ ಜೀನ್ಸ್ ಎಂಬುದೊಂದು ಶಿಕ್ಷೆ. ಎರಡು ದಿನ ಫ್ಯಾನಿನ ಕೆಳಗೆ ನೇತಾಡಿದರೂ ಸೊಂಟದ ಪಟ್ಟಿಯಲ್ಲಿ ತೇವ, ಮೂರನೆಯ ದಿನ ಮುಗ್ಗಲು ವಾಸನೆ. ಹತ್ತಿ, ಲಿನನ್ ಬಿಟ್ಟು ಬೇರೆ ಮುಟ್ಟಬೇಡಿ ಎನ್ನುವ ಪುಸ್ತಕಗಳು ಈ ಮಳೆಯನ್ನು ಕಂಡಿಲ್ಲ. ಕರಾವಳಿ, ಮಲೆನಾಡಿನ ಹೆಂಗಸರು ಮಳೆಗಾಲಕ್ಕೆಂದು ಸಿಂಥೆಟಿಕ್ ಸೀರೆಗಳನ್ನು ಬೇರೆಯೇ ಎತ್ತಿಟ್ಟುಕೊಳ್ಳುವುದು ಫ್ಯಾಶನ್ ತಿಳಿಯದೆ ಅಲ್ಲ. ಪಾಲಿಯೆಸ್ಟರ್ ಪರಿಸರಕ್ಕೆ ಒಳ್ಳೆಯದಲ್ಲ ಎಂಬುದು ನಿಜವೇ, ಆದರೆ ಹಸಿ ಬಟ್ಟೆ ಉಟ್ಟು ಬಸ್ಸು ಹತ್ತುವುದು ಅದಕ್ಕೆ ಪರಿಹಾರವೂ ಅಲ್ಲ.

ಬಿಳಿ ಅಂಗಿಯ ವಿಷಯವೂ ಹೀಗೇ. ಯಾವ ಪಟ್ಟಿ ತೆಗೆದರೂ ಮೊದಲ ಸ್ಥಾನ ಅದರದು. ಬೆಂಗಳೂರಿನ ಕೊಳವೆಬಾವಿಯ ಗಡಸು ನೀರಿನಲ್ಲಿ ಒಗೆದರೆ ಬಿಳಿ ಎಷ್ಟು ದಿನ ಬಿಳಿಯಾಗಿ ಉಳಿಯುತ್ತದೆಂದು ಉಜಾಲ ಹಾಕಿದವರಿಗೆ ಗೊತ್ತು. ಜೊತೆಗೆ ಜಾಕೆಟ್. 24ರ ಗುಣಾಕಾರದಲ್ಲಿ ಜಾಕೆಟ್ ತೆಗೆದರೆ ಉಳಿಯುವುದು 12 ಮಾತ್ರ. ರಾಯಚೂರಿನ ಏಪ್ರಿಲ್‌ನಲ್ಲಿ ಜಾಕೆಟ್ ತೊಡುವವರಾರು? ಅಲ್ಲಿಯ ಜಾಕೆಟ್ಟಿನ ಕೆಲಸವನ್ನು ಇಲ್ಲಿ ಬೇರೆ ಯಾವುದೋ ಮಾಡಬೇಕು.

ಮಾಡುತ್ತಲೂ ಇತ್ತು. ಬಾಗಲಕೋಟೆ ಜಿಲ್ಲೆಯ ಎರಡು ಊರುಗಳನ್ನು ನೋಡಿ: ಇಳಕಲ್‌ನಲ್ಲಿ ಸೀರೆ ನೇಯುತ್ತಾರೆ, ಗುಳೇದಗುಡ್ಡದಲ್ಲಿ ಕುಬಸದ ಖಣ ನೇಯುತ್ತಾರೆ. ಇಳಕಲ್ ಸೀರೆಯ ಒಡಲು ದಾಳಿಂಬೆ ಕೆಂಪಿರಬಹುದು, ನವಿಲು ಹಸಿರಿರಬಹುದು, ಗಿಳಿ ಹಸಿರಿರಬಹುದು. ಅಂಚು ಚಿಕ್ಕಿಯೋ ಗೋಮಿಯೋ ಗಾಡಿದಡಿಯೋ ಆಗಿರಬಹುದು. ಸೆರಗು ಮಾತ್ರ ಸಂಪ್ರದಾಯದಂತೆ ಕೆಂಪು, ಅದರಲ್ಲಿ ಬಿಳಿಯ ತೋಪು ತೆನಿ ವಿನ್ಯಾಸ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಸಿದ್ಧಮಾಡಿ ಕೊಂಡಿ ಹಾಕಿ ಕೂಡಿಸುವುದರಿಂದಲೇ ಸೆರಗಿಗೆ ತನ್ನದೇ ಬಣ್ಣ ಉಳಿಸಿಕೊಳ್ಳಲು ಸಾಧ್ಯವಾಗುತ್ತದೆ. ಇದರ ಪರಿಣಾಮವನ್ನು ಬೀರುವಿನ ಕಡೆಯಿಂದ ಯೋಚಿಸಿ. ಆರು ಸೀರೆಗಳಿದ್ದರೆ ಆರಕ್ಕೂ ಸೆರಗು ಒಂದೇ. ಕುಬಸ ಹೊಂದಬೇಕಾದದ್ದು ಭುಜದ ಮೇಲೆ ಬೀಳುವ ಸೆರಗಿಗೆ. ಹಾಗಾಗಿ ಮೂರು ಖಣದ ಕುಬಸಗಳು ಆರು ಸೀರೆಗೂ ನಡೆಯುತ್ತವೆ, ಹದಿನೆಂಟು ಬಗೆಯಾಗುತ್ತದೆ. ಯಾವುದು ಯಾವುದಕ್ಕೆ ಎಂದು ಬೆಳಗ್ಗೆ ನಿಂತು ಯೋಚಿಸಬೇಕಾಗಿಲ್ಲ. ಹಳೆಯ ಇಳಕಲ್ ಸೀರೆಯ ಜೊತೆ ಕುಬಸದ ಬಟ್ಟೆ ಬರುತ್ತಲೇ ಇರಲಿಲ್ಲ, ಅದು ಬೇರೆಯೇ ಕೊಳ್ಳುವ ವಸ್ತು. ಸೀರೆಯಂತೂ ಹೊಲಿಗೆಯಿಲ್ಲದ ಐದೂವರೆ ಮೀಟರು, ಮೈ ದಪ್ಪಗಾದರೂ ಸಣ್ಣಗಾದರೂ ಅದಕ್ಕೆ ಲೆಕ್ಕವಿಲ್ಲ. ಉಟ್ಟು ಉಟ್ಟು ಮೆತ್ತಗಾದ ಮೇಲೆ ಕೌದಿಗೆ ಹೋಗುತ್ತದೆ. ಡೊನ್ನಾ ಕ್ಯಾರನ್ ಏಳು ಉಡುಪಿನಲ್ಲಿ ಸಾಧಿಸಿದ್ದನ್ನು ಈ ಎರಡು ಊರಿನ ನೇಕಾರರು ಯಾವ ಹೆಸರೂ ಇಡದೆ ಸಾಧಿಸಿದ್ದರು. ಬೂದು, ಬೀಜು, ಕಪ್ಪು ಬಣ್ಣಗಳ ಹಂಗೂ ಅವರಿಗೆ ಬೇಕಾಗಲಿಲ್ಲ. ಬಣ್ಣ ಕಡಿಮೆ ಮಾಡದೆಯೂ ಹೊಂದಾಣಿಕೆ ತರಬಹುದು, ಒಂದು ಅಂಶ ಸ್ಥಿರವಾಗಿದ್ದರೆ ಸಾಕು. ಪಾಶ್ಚಾತ್ಯ ಪಟ್ಟಿಗಳ ಮೇಲೆ ನನ್ನ ದೊಡ್ಡ ಆಕ್ಷೇಪ ಇದೇ: ಹೊಂದಾಣಿಕೆ ಎಂದರೆ ಬಣ್ಣಗೇಡಿತನ ಎಂದು ಅವು ನಂಬಿಸಿವೆ.

ಈ ಏರ್ಪಾಡನ್ನು ಕೆಡಿಸಿದ್ದು ಹೊರಗಿನವರಲ್ಲ, ನಮ್ಮದೇ ಮ್ಯಾಚಿಂಗ್ ಸೆಂಟರುಗಳು. ಸೀರೆಯ ತುದಿಗೇ ಎಂಬತ್ತು ಸೆಂಟಿಮೀಟರ್ ಬ್ಲೌಸ್ ಪೀಸ್ ಅಂಟಿಕೊಂಡು ಬರತೊಡಗಿದ ಮೇಲೆ ಪ್ರತಿ ಸೀರೆಗೂ ತನ್ನದೇ ಬ್ಲೌಸು, ಆ ಬ್ಲೌಸಿಗೆ ಆ ಸೀರೆ ಬಿಟ್ಟರೆ ಗತಿಯಿಲ್ಲ. ಜೊತೆಗೆ ಅದೇ ಬಣ್ಣದ ಲಂಗ, ಅದೇ ಬಣ್ಣದ ಫಾಲ್, ಅದೇ ಬಣ್ಣದ ಬಳೆ. ಬ್ಲೌಸ್ ಬಿಗಿಯಾದ ದಿನ ಸೀರೆಯೂ ಮೂಲೆ ಸೇರುತ್ತದೆ. ಲೈನಿಂಗ್ ಕೊಟ್ಟು ಹೊಲಿಸಿದರೆ ದಿನಬಳಕೆಯ ಕಾಟನ್ ಸೀರೆಗಿಂತ ಬ್ಲೌಸಿನ ಕೂಲಿಯೇ ಹೆಚ್ಚಾಗುವುದುಂಟು. ಚೂಡಿದಾರದ ‘ಡ್ರೆಸ್ ಮೆಟೀರಿಯಲ್’ ಇದೇ ರೋಗದ ಇನ್ನೊಂದು ರೂಪ. ಟಾಪು, ಬಾಟಮ್ಮು, ದುಪಟ್ಟ ಮೂರೂ ಒಂದೇ ಹೂವಿನ ಅಚ್ಚು, ಟಾಪು ಹರಿದರೆ ಉಳಿದೆರಡೂ ಅನಾಥ. ಬೀರು ತುಂಬಿ ತುಳುಕುತ್ತಿದ್ದರೂ ‘ಹಾಕೋಕೆ ಒಂದೂ ಇಲ್ಲ’ ಎಂಬ ಮಾತು ಸುಳ್ಳಲ್ಲ. ಅಲ್ಲಿರುವುದೆಲ್ಲ ಜೋಡಿಗಳು, ಒಂದರ ಜೋಡಿ ಇನ್ನೊಂದನ್ನು ಸೇರುವುದಿಲ್ಲ.

ಈ ಸೆಟ್ ಪದ್ಧತಿಗೆ ತಕ್ಕ ಉತ್ತರ ಬಂದದ್ದು ಬಿಡಿ ಕುರ್ತಿ ಮತ್ತು ಲೆಗ್ಗಿಂಗ್ಸ್‌ನಿಂದ. ಮೂರು ಬಣ್ಣದ ಲೆಗ್ಗಿಂಗ್ಸ್, ಎಂಟು ಕುರ್ತಿ, ಎರಡು ದುಪಟ್ಟ ಇಟ್ಟುಕೊಂಡು ಬ್ಯಾಂಕಿನವರು, ಟೀಚರುಗಳು, ಆಸ್ಪತ್ರೆಯ ಲ್ಯಾಬಿನವರು ವರ್ಷಗಟ್ಟಲೆ ನಿಭಾಯಿಸುತ್ತಿದ್ದಾರೆ. ಇಲ್ಲಿ ಜಾಕೆಟ್ಟಿನ ಜಾಗದಲ್ಲಿ ನಿಂತದ್ದು ದುಪಟ್ಟ. ನೋಡಲು ಅಷ್ಟೇನೂ ಚೆಂದವಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಇರಲಿ. ಗಂಡಸರದು ಹೇಳಬೇಕಾದ ಕಥೆಯೇ ಅಲ್ಲ. ಎರಡು ಪ್ಯಾಂಟು ಐದು ಶರ್ಟಿನಲ್ಲಿ ನಿವೃತ್ತಿಯವರೆಗೆ ನಡೆದವರನ್ನು ಯಾರೂ ಮಿನಿಮಲಿಸ್ಟ್ ಎಂದು ಕರೆದಿಲ್ಲ. ಅದೇ ಶರ್ಟು ಎರಡು ಮದುವೆಯಲ್ಲಿ ಕಂಡರೆ ಕೇಳುವವರಿಲ್ಲ, ಅದೇ ಸೀರೆ ಕಂಡರೆ ಫೋಟೋ ತೆರೆದು ತಾಳೆ ನೋಡುತ್ತಾರೆ.

ಪುಸ್ತಕಗಳು ಮುಟ್ಟದೇ ಬಿಟ್ಟ ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹೆಂಗಸು ತನ್ನ ಬಟ್ಟೆಯನ್ನು ತಾನೇ ಆರಿಸಿ ಕೊಳ್ಳುತ್ತಾಳೆ ಎಂಬ ಊಹೆಯ ಮೇಲೆ ಇಡೀ ಪದ್ಧತಿ ನಿಂತಿದೆ. ನಮ್ಮಲ್ಲಿ ಬೀರುವಿಗೆ ಬಟ್ಟೆ ಬರುವ ದಾರಿಯೇ ಬೇರೆ. ಗೌರಿ ಹಬ್ಬಕ್ಕೆ ತವರಿನಿಂದ ಒಂದು, ನಾದಿನಿಯ ಸೀಮಂತಕ್ಕೆ ಒಂದು, ಗೃಹಪ್ರವೇಶಕ್ಕೆ ಕರೆದ ಚಿಕ್ಕಮ್ಮ ಕೊಟ್ಟದ್ದು ಒಂದು. ಅರಿಸಿನ ಕುಂಕುಮಕ್ಕೆ ಹೋದಲ್ಲೆಲ್ಲ ತೆಂಗಿನಕಾಯಿಯ ಜೊತೆ ಬ್ಲೌಸ್ ಪೀಸ್. ಅದನ್ನು ಯಾರೂ ಹೊಲಿಸುವುದಿಲ್ಲ. ಮುಂದಿನ ನವರಾತ್ರಿಗೆ ಅದೇ ಮಡಿಕೆಯಲ್ಲಿ ಇನ್ನೊಬ್ಬರ ಉಡಿ ಸೇರುತ್ತದೆ, ಅದೃಷ್ಟವಿದ್ದರೆ ಸುತ್ತಿ ಸುತ್ತಿ ಕೊಟ್ಟವರ ಮನೆಗೇ ಬರುತ್ತದೆ. ಕೊಟ್ಟದ್ದನ್ನು ಬೇಡವೆನ್ನುವ ಹಾಗಿಲ್ಲ, ಅವರೆದುರು ಒಮ್ಮೆಯಾದರೂ ಉಡದಿರುವ ಹಾಗಿಲ್ಲ. 33ರ ನಿಯಮ ಹಿಡಿದು ಹೊರಟವಳು ಎರಡು ಮದುವೆ ಸೀಸನ್ ದಾಟುವಷ್ಟರಲ್ಲಿ ಎಪ್ಪತ್ತಕ್ಕೆ ಮುಟ್ಟಿರುತ್ತಾಳೆ, ಒಂದನ್ನೂ ತಾನಾಗಿ ಕೊಂಡಿರುವುದಿಲ್ಲ. ಅವಳಿಗೆ ಶಿಸ್ತು ಸಾಲದೆಂದು ಹೇಳುವ ಪುಸ್ತಕವನ್ನು ನಾನು ಒಪ್ಪಲಾರೆ.

ಪದ್ಧತಿಯಲ್ಲಿ ಉಳಿಸಿಕೊಳ್ಳಬೇಕಾದದ್ದು ಎರಡೇ: ಆ ಗುಣಾಕಾರ, ಮತ್ತು ಕೊಳ್ಳುವ ಮುಂಚೆ ನಿಲ್ಲುವ ಒಂದು ಗಳಿಗೆ. ಇರುವುದನ್ನೆಲ್ಲ ಹೊರಗೆ ಹಾಕಿ ಬೀಜು ಬಣ್ಣದ ಹೊಸ ಪಟ್ಟಿಯನ್ನು ಕೊಳ್ಳಲು ಹೇಳುವ ಭಾಗವನ್ನು ಕಣ್ಣು ಮುಚ್ಚಿ ಬಿಡಬಹುದು, ಅದು ಹಳೆಯ ವ್ಯಾಪಾರವೇ. ಹೊರದೇಶಗಳ ಬ್ರ್ಯಾಂಡುಗಳಿಗೆ ಬಟ್ಟೆ ಹೊಲಿದು ಕಳಿಸುವ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿರುವ ಬೆಂಗಳೂರಿನಲ್ಲಿ ಕೂತು, ಒಂದಿಷ್ಟೂ ಸವೆಯದ ಬಟ್ಟೆಯನ್ನು ಸರಳತೆಯ ಹೆಸರಿನಲ್ಲಿ ಚೀಲಕ್ಕೆ ತುಂಬುವುದು ಕಣ್ಣಿಗೆ ಹಿತವಲ್ಲ. ಅದರ ಬದಲು ದರ್ಜಿಯ ಹತ್ತಿರ ಹೋಗಿ. ಮೆರೂನ್, ಕಪ್ಪು, ಸಾಸಿವೆ ಹಳದಿ, ಈ ಮೂರು ಬಣ್ಣದ ಗಟ್ಟಿ ಹತ್ತಿಯ ಬ್ಲೌಸುಗಳನ್ನು ಒಳಗೆ ಎರಡಿಂಚು ಬಟ್ಟೆ ಬಿಟ್ಟು ಹೊಲಿಸಿಕೊಳ್ಳಿ. ಮೂಲೆ ಸೇರಿದ ಅರ್ಧದಷ್ಟು ಸೀರೆಗಳಾದರೂ ಎದ್ದು ಬರುತ್ತವೆ. ಅರಿಸಿನ ಕುಂಕುಮಕ್ಕೆ ಕರೆದವರಿಗೆ ಕೊಡಲೇಬೇಕೆಂದಿದ್ದರೆ, ಯಾರೂ ಹೊಲಿಸದ ಆ ತೆಳುವಾದ ಬ್ಲೌಸ್ ಪೀಸು ಬೇಡ. ನಾಲ್ಕು ಜನಕ್ಕೆ ಕೊಡುವ ದುಡ್ಡಿನಲ್ಲಿ ಇಬ್ಬರಿಗಾದರೂ ಒಳ್ಳೆಯ ಗುಳೇದಗುಡ್ಡ ಖಣ ಕೊಡಿ. ಅದನ್ನು ಹೊಲಿಸಿ ತೊಡುತ್ತಾರೆ.