ಕೇಳದೆ ಸಿಗುವ ಬಣ್ಣ

ಮಕ್ಕಳ ಕಲಾಮೂಲೆಗೆ ಮೊದಲು ತರಬೇಕಾದ ಸಾಮಾನು ನೆಲ ಒರೆಸುವ ಬಟ್ಟೆ. ಎರಡನೆಯದು ಅರ್ಧ ಬಕೆಟ್ಟು ನೀರು. ಬಣ್ಣ, ಕುಂಚ, ಕಾಗದಗಳ ಸರದಿ ಆಮೇಲೆ. ಅಂಗಡಿಯವರು ಈ ಕ್ರಮವನ್ನು ತಲೆಕೆಳಗು ಮಾಡಿ, ನಲವತ್ತೆಂಟು ಬಣ್ಣದ ಕ್ರೇಯಾನ್, ಮಿನುಗುಪುಡಿ, ಅಂಟುಚಿತ್ರ, ಮಡಚುವ ಸ್ಟ್ಯಾಂಡು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತಾರೆ. ಮನೆಗೆ ಬಂದ ವಾರದೊಳಗೆ ಆ ಪೆಟ್ಟಿಗೆ ಬೀರುವಿನ ತಲೆಯೇರಿ ಕೂರುತ್ತದೆ. ಭಾನುವಾರ ದೊಡ್ಡವರಿಗೆ ಬಿಡುವಿದ್ದು, ಹಾಲಿನಲ್ಲಿ ಹಳೆಯ ಬೆಡ್‌ಶೀಟು ಹಾಸುವ ಮನಸ್ಸಾದರೆ ಕೆಳಗಿಳಿಯುತ್ತದೆ. ಮೂರರಿಂದ ಆರು ವರ್ಷದ ಮಗುವಿಗೆ ಇದರಿಂದ ಆಗುವ ಲಾಭ ಅಷ್ಟಕ್ಕಷ್ಟೆ. ಕಲಾಮೂಲೆಯ ಯೋಗ್ಯತೆ ತಿಳಿಯಲು ನಾನು ನಂಬುವ ಅಳತೆಗೋಲು ಒಂದೇ: ಯಾರನ್ನೂ ಕೇಳದೆ ಮಗು ಅಲ್ಲಿ ಎಷ್ಟು ಕೆಲಸ ಮಾಡಬಲ್ಲದು? ತಾನೇ ತೆಗೆದು, ತಾನೇ ಬಳಿದು, ಚೆಲ್ಲಿದ್ದನ್ನು ತಾನೇ ಒರೆಸಿ, ಮತ್ತೆ ಅದೇ ಜಾಗಕ್ಕೆ ಇಟ್ಟು ಏಳುವಂತಿದ್ದರೆ ಅದು ಕಲಾಮೂಲೆ. ಇಲ್ಲದಿದ್ದರೆ ಬರೀ ದಾಸ್ತಾನು.

ಈ ಹಟಕ್ಕೆ ಕಾರಣವಿದೆ. ಚಿತ್ರ ಬರೆಯುವ ಮನಸ್ಸು ಈ ವಯಸ್ಸಿನಲ್ಲಿ ಹಸಿವಿನ ಹಾಗೆ, ದಿನಕ್ಕೆ ನಾಲ್ಕು ಸಲ, ಹೇಳದೆ ಬಂದು ಹೇಳದೆ ಹೋಗುತ್ತದೆ. ಅಮೆರಿಕದ ರೋಡಾ ಕೆಲಾಗ್ ಪುಟ್ಟ ಮಕ್ಕಳ ಸುಮಾರು ಹತ್ತು ಲಕ್ಷ ಚಿತ್ರಗಳನ್ನು ಕೂಡಿಹಾಕಿ, 1969ರ ತಮ್ಮ ಪುಸ್ತಕದಲ್ಲಿ ಮಕ್ಕಳ ಗೀಚಾಟವನ್ನು 20 ಮೂಲ ಗೀಟುಗಳಾಗಿ ವಿಂಗಡಿಸಿದರು. ಚುಕ್ಕಿ, ಅಡ್ಡಗೆರೆ, ಸುರುಳಿಗಳಿಂದ ಶುರುವಾದ ಕೈ ಒಂದು ದಿನ ವೃತ್ತವನ್ನು ಕೂಡಿಸುತ್ತದೆ. ಆಮೇಲೆ ವೃತ್ತದೊಳಗೆ ಗೆರೆಗಳು ಹಾಯುತ್ತವೆ, ಸುತ್ತ ಕಿರಣಗಳು ಮೂಡುತ್ತವೆ. ಆ ಸೂರ್ಯನಿಗೇ ಕಣ್ಣು ಬಾಯಿ ಬಂದು, ಕೆಲವೇ ಕಿರಣಗಳು ಉಳಿದು ಕೈಕಾಲುಗಳಾಗಿ, ಮಗುವಿನ ಮೊದಲ ಮನುಷ್ಯ ಹುಟ್ಟುತ್ತಾನೆ. ಈ ಹಾದಿಯನ್ನು ಯಾರೂ ಪಾಠ ಹೇಳಿ ದಾಟಿಸಲಾರರು. ಸಾವಿರ ಸಲ ಗೀಚಿದ ಕೈಗೆ ಮಾತ್ರ ಅದು ಒದಗುತ್ತದೆ. ವಾರಕ್ಕೊಮ್ಮೆ ಇಳಿಯುವ ಪೆಟ್ಟಿಗೆಯಿಂದ ಸಾವಿರದ ಲೆಕ್ಕ ತುಂಬುವುದು ಯಾವಾಗ? ಕೈಗೆಟಕುವ ಎತ್ತರವೆಂದರೆ ಸೌಕರ್ಯದ ಮಾತಷ್ಟೇ ಆಗಿ ಉಳಿಯುವುದಿಲ್ಲ. ಕಲಿಕೆಯ ಗತಿಯನ್ನು ಅದೇ ನಿಶ್ಚಯಿಸುತ್ತದೆ.

ಹಾಗಾದರೆ ಜಾಗ ಯಾವುದು? 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ಮರಿಯಾ ಮಾಂಟೆಸ್ಸೊರಿ ತೆರೆದ ಮಕ್ಕಳ ಮನೆಯಿಂದೀಚೆಗೆ, ಪುಟ್ಟ ಮೇಜು ಕುರ್ಚಿ, ಮಗುವಿನ ಎದೆಮಟ್ಟದ ಕಪಾಟು ಎಂಬ ವಿಚಾರ ಲೋಕಕ್ಕೆಲ್ಲ ಗೊತ್ತಿದೆ. ಉತ್ತರ ಇಟಲಿಯ ರೆಜ್ಜೊ ಎಮಿಲಿಯಾದ ಶಿಶುಶಾಲೆಗಳಲ್ಲಿ ಲೋರಿಸ್ ಮಲಗುಝಿ ಒಂದೊಂದು ಶಾಲೆಗೂ ಕಲಾ ಕಾರ್ಯಾಗಾರವನ್ನೇ ಕೂಡಿಸಿದರು. ಈಗಿನ ತಂದೆತಾಯಿ ಆ ಕಾರ್ಯಾಗಾರಗಳ ಚಿತ್ರಗಳನ್ನು ಫೋನಿನಲ್ಲಿ ನೋಡಿ ನಿಟ್ಟುಸಿರು ಬಿಡುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ, ಊರಿನ ಸರ್ಕಾರಿ ಶಾಲೆಯ ನಲಿ-ಕಲಿ ಕೊಠಡಿಗೆ ಇಣುಕಿದರೆ ಸಾಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯ ಕೊಠಡಿಯಲ್ಲಿ ಗೋಡೆಯ ಕೆಳಭಾಗದುದ್ದಕ್ಕೂ ಮಕ್ಕಳು ನೆಲದಲ್ಲಿ ಕೂತು ಬರೆಯುವಷ್ಟು ತಗ್ಗಿನಲ್ಲಿ ಕರಿಹಲಗೆ ಇರುತ್ತದೆ. ತಲೆಯ ಮೇಲೆ ದಾರ ಬಿಗಿದ ಚಪ್ಪರದಲ್ಲಿ ಅವರು ಮಾಡಿದ ಚಿತ್ರ, ಕಾಗದದ ಕೆಲಸಗಳು ತೂಗುತ್ತವೆ. ಗೋಡೆಗೆ ಎರಡೂವರೆ ಅಡಿ ಎತ್ತರದವರೆಗೆ ಕರಿಬಣ್ಣ, ಒಂದು ಡಬ್ಬಿ ಸೀಮೆಸುಣ್ಣ: ಇದಕ್ಕಿಂತ ಅಗ್ಗದ, ಇದಕ್ಕಿಂತ ಬಾಳಿಕೆ ಬರುವ ಏರ್ಪಾಡು ಇಟಲಿಯಲ್ಲೂ ಸಿಗದು. ಮನೆಯಲ್ಲಾದರೆ ಹಾಲಿನ ಶೋಕೇಸಿನ ಪಕ್ಕವನ್ನು ಮರೆತುಬಿಡಿ. ಹಿತ್ತಲ ಜಗಲಿ, ಬಚ್ಚಲಿಗೆ ಹತ್ತಿರದ ನಡುಮನೆ, ಫ್ಲಾಟಾದರೆ ಯುಟಿಲಿಟಿ ಬಾಲ್ಕನಿ ಸರಿಯಾದ ಜಾಗ. ನೀರು ಹತ್ತಿರವಿರಬೇಕು, ನೆಲ ಹೊಲಸಾದರೆ ಯಾರ ಜೀವವೂ ಹೋಗಬಾರದು.

ಸಾಮಾನಿನ ವಿಷಯದಲ್ಲಿ ಜಿಪುಣತನವೇ ರಸಿಕತನ. ನಲವತ್ತೆಂಟು ಬಣ್ಣ ಕೊಟ್ಟರೆ ಮಗು ಆರಿಸುತ್ತದೆ. ಕೆಂಪು, ಹಳದಿ, ನೀಲಿ, ಬಿಳಿ ನಾಲ್ಕೇ ಕೊಟ್ಟರೆ ಬೆರೆಸುತ್ತದೆ. ಹಸಿರು ತಾನೇ ಮಾಡಿದ್ದು ಎಂಬ ಹೆಮ್ಮೆ ಅಂಗಡಿಯ ಹಸಿರಿನಲ್ಲಿ ಎಲ್ಲಿಂದ ಬರಬೇಕು? ಬಣ್ಣವನ್ನು ತೆಂಗಿನ ಕರಟದಲ್ಲಿ ಒಂದೊಂದು ಚಮಚದಷ್ಟೇ ಹಾಕಿ, ಕರಟ ಉರುಳದಂತೆ ಬಟ್ಟೆಯ ಸಿಂಬಿಯ ಮೇಲೆ ಕೂರಿಸಬೇಕು. ಬಣ್ಣಕ್ಕೊಂದು ಕುಂಚ, ಅದೂ ಗಿಡ್ಡ ಹಿಡಿಯ, ದಪ್ಪ ಬಿರುಗೂದಲಿನದು. ಚಿಕ್ಕ ಮಗುವಿನ ಗೆರೆ ಭುಜದಿಂದ ಹೊರಡುತ್ತದೆ, ಬೆರಳಿನವರೆಗೆ ಇಳಿಯಲು ವರ್ಷಗಳು ಬೇಕು. ಆದ್ದರಿಂದ ಎ4 ಹಾಳೆ ಅದಕ್ಕೆ ಇಕ್ಕಟ್ಟು. ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದದ ಸುರುಳಿ, ಹಳೆಯ ಕ್ಯಾಲೆಂಡರಿನ ಬೆನ್ನು, ರದ್ದಿ ಪತ್ರಿಕೆ ಧಾರಾಳವಾಗಿ ಆಗುತ್ತವೆ. ಅಂಟು ಬೇಕಾದರೆ ಮೈದಾಹಿಟ್ಟನ್ನು ಗಂಜಿ ಕಾಯಿಸಿದರೆ ಸಾಕು. ಇವೆಲ್ಲಕ್ಕಿಂತ ಮೇಲಿನದು ಜೇಡಿಮಣ್ಣು. ಬಣ್ಣದ ಹಿಟ್ಟಿನ ಉಂಡೆಗಳು ಮೂರು ದಿನದಲ್ಲಿ ಒಂದಕ್ಕೊಂದು ಕಲೆತು ಕೊಳಕಾಗುತ್ತವೆ, ಬಿರಿಯುತ್ತವೆ. ಕುಂಬಾರರಿಂದ ತಂದ ಹದವಾದ ಮಣ್ಣು ಒಣಗಿದರೂ ಸಾಯುವುದಿಲ್ಲ. ರಾತ್ರಿ ಕಿತ್ತಳೆ ಗಾತ್ರದ ಉಂಡೆ ಮಾಡಿ, ಹೆಬ್ಬೆರಳಿನಿಂದ ಕುಳಿ ಒತ್ತಿ, ಕುಳಿಗೆ ನೀರು ಹನಿಸಿ, ಒದ್ದೆ ಬಟ್ಟೆ ಮುಚ್ಚಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಬೆಳಿಗ್ಗೆ ಮತ್ತೆ ಮೆತ್ತಗಾಗಿರುತ್ತದೆ. ಕೆಡಿಸಿ ಮತ್ತೆ ಮಾಡಬಹುದು ಎಂಬ ಧೈರ್ಯವನ್ನು ಮಣ್ಣಿನಷ್ಟು ಚೆನ್ನಾಗಿ ಕಲಿಸುವ ಸಾಮಾನು ಇನ್ನೊಂದಿಲ್ಲ.

ತೂಕದ ಆಕ್ಷೇಪ ಒಂದಿದೆ. ನಮ್ಮ ಕಸುಬುಗಳೆಲ್ಲ ನೋಡಿ ನಕಲು ಮಾಡಿಯೇ ಬಂದವಲ್ಲವೇ? ಚನ್ನಪಟ್ಟಣದ ಅರಗಿನ ಗೊಂಬೆ, ಕಿನ್ನಾಳದ ಮರಗೆಲಸ, ಮಲೆನಾಡಿನ ದೀವರ ಹೆಂಗಸರ ಹಸೆ ಚಿತ್ತಾರ, ಇವುಗಳಲ್ಲಿ ಯಾವುದು ಮಗುವನ್ನು ಅದರಷ್ಟಕ್ಕೆ ಬಿಟ್ಟು ಹುಟ್ಟಿತು? ಮಾದರಿ ಕೊಡದೆ ಕಲಿಸುತ್ತೇವೆನ್ನುವುದು ಪರದೇಶದ ಖಯಾಲಿ ತಾನೆ? 1897ರಲ್ಲಿ ವಿಯೆನ್ನಾದಲ್ಲಿ ಮಕ್ಕಳ ಕಲಾತರಗತಿ ತೆರೆದು ನಕಲು ಮಾಡಿಸುವುದನ್ನೇ ಕೈಬಿಟ್ಟ ಫ್ರಾಂಟ್ಸ್ ಚಿಝೆಕ್ ಅವರನ್ನು ಹೊಗಳುವವರು ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ನನ್ನ ಉತ್ತರ: ಹಸೆ ಬರೆಯುವ ಮನೆಯ ಮಗು ನೋಡುವುದು ಮುಗಿದ ಚಿತ್ರವನ್ನಷ್ಟೇ ಅಲ್ಲ, ಕೆಲಸವನ್ನೂ ನೋಡುತ್ತದೆ. ಕೆಮ್ಮಣ್ಣು ಬಳಿಯುವುದು, ಅಕ್ಕಿ ಅರೆದು ಬಿಳಿ ಮಾಡುವುದು, ನಾರಿನಿಂದ ಕುಂಚ ಕಟ್ಟುವುದು, ಎಳೆ ತಪ್ಪಿದರೆ ತಿದ್ದುವುದು, ಎಲ್ಲ ಕಣ್ಣೆದುರೇ ನಡೆಯುತ್ತದೆ. ರಂಗೋಲಿ ಇಡುವ ಅಜ್ಜಿಯ ಪಕ್ಕ ಕೂತ ಮೊಮ್ಮಗುವಿಗೂ ಒಂದು ಚಿಟಿಕೆ ಪುಡಿ, ಒಂದು ಮೊಳ ಅಂಗಳ ಸಿಗುತ್ತದೆ. ಅಲ್ಲಿ ಅದು ಚೆಲ್ಲಿದ್ದನ್ನು ಯಾರೂ ಅಳಿಸುವುದಿಲ್ಲ. ಶಾಲೆಗಳಲ್ಲಿ ಹಂಚುವ, ಎಲ್ಲರಿಗೂ ಒಂದೇ ನವಿಲಿನ ಜೆರಾಕ್ಸ್ ಹಾಳೆಗೂ ಈ ಪರಂಪರೆಗೂ ಸಂಬಂಧವಿಲ್ಲ. ಆದ್ದರಿಂದ ಕುಂಚವನ್ನು ಕರಟದ ಅಂಚಿಗೆ ಸವರಿ ಹೆಚ್ಚಿನ ಬಣ್ಣ ತೆಗೆಯುವುದನ್ನು, ಕತ್ತರಿ ಹಿಡಿಯುವುದನ್ನು ತೋರಿಸಿಕೊಡಿ, ನಿಮ್ಮ ಪಾಡಿಗೆ ನೀವೂ ಪಕ್ಕದಲ್ಲಿ ಏನಾದರೂ ಮಾಡಿ. ಮಗುವಿನ ಹಾಳೆಯ ಮೇಲೆ ಮಾತ್ರ ಕೈಯಿಡಬೇಡಿ.

ಇನ್ನುಳಿದದ್ದು ಅಪಾಯದ ಭಯ. ಅದು ಸುಳ್ಳಲ್ಲ, ಆದರೆ ಅದಕ್ಕೆ ಪರಿಹಾರ ಬೀಗದಲ್ಲಿಲ್ಲ, ಆಯ್ಕೆಯಲ್ಲಿದೆ. ಬಾಯಿಗೆ ಹೋಗಬಾರದ್ದು ಮೂಲೆಗೇ ಬರಬಾರದು. ಹೋಳಿಯ ಬಣ್ಣ, ಸಿಂಧೂರ, ಸುಣ್ಣ, ಪೆಟ್ಟಿಗೆಯ ಮೇಲೆ ಏನನ್ನೂ ನಮೂದಿಸದ ಅಗ್ಗದ ಬಣ್ಣ ಬೇಡ. ಗುಲಗಂಜಿ ನೋಡಲು ಎಷ್ಟೇ ಚೆಂದವಿದ್ದರೂ ಅಗಿದರೆ ಪ್ರಾಣಕ್ಕೇ ಎರವಾಗುವ ವಿಷ, ಅದು ಬೇಡವೇ ಬೇಡ. ಮೂರು ತುಂಬದ ಮಗು ಮನೆಯಲ್ಲಿದ್ದರೆ ಹುಣಸೆಬೀಜ, ಮಣಿ, ಗುಂಡಿಗಳೂ ಬೇಡ. ಕತ್ತರಿಯ ತುದಿ ಮೊಂಡಾಗಿರಲಿ, ಅಲಗು ಮಾತ್ರ ಕಾಗದ ಕತ್ತರಿಸುವಷ್ಟು ಹರಿತವಾಗಿರಲಿ. ಕತ್ತರಿಸದ ಕತ್ತರಿ ಮಗುವನ್ನು ರೇಗಿಸುತ್ತದೆ, ರೇಗಿದ ಕೈ ಜಾರುತ್ತದೆ. ಇಷ್ಟು ಸೋಸಿದ ಮೇಲೆ ದೊಡ್ಡವರು ಕಣ್ಣಳತೆಯಲ್ಲಿ ತಮ್ಮ ಕೆಲಸ ನೋಡಿಕೊಂಡಿದ್ದರೆ ಸಾಕು, ಪ್ರತಿ ಹಾಳೆಗೂ ಅಪ್ಪಣೆ ಕೊಡುತ್ತ ಕೂರಬೇಕಿಲ್ಲ.

ಅಪ್ಪಣೆಯಷ್ಟೇ ಹೊಗಳಿಕೆಯ ಬಗ್ಗೆಯೂ ಎಚ್ಚರ ಬೇಕು. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಅಮೆರಿಕದ ಸ್ಟ್ಯಾನ್‌ಫರ್ಡಿನ ಶಿಶುವಿಹಾರವೊಂದರ ಅಧ್ಯಯನ ಪ್ರಕಟಿಸಿದರು. ಬಣ್ಣದ ಪೆನ್ನುಗಳಲ್ಲಿ ಇಷ್ಟಪಟ್ಟು ಚಿತ್ರ ಬರೆಯುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಲಾಗಿತ್ತು. ಒಂದೆರಡು ವಾರದ ಬಳಿಕ ನೋಡಿದರೆ, ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಸುಮಾರು ಅರ್ಧದಷ್ಟು. ಹೇಳದೆ ಪ್ರಶಸ್ತಿ ಕೊಟ್ಟ ಮಕ್ಕಳಲ್ಲಿ ಈ ಕುಸಿತ ಇರಲಿಲ್ಲ. ಕೈಗೆ ನಕ್ಷತ್ರದ ಮುದ್ರೆ ಒತ್ತುವ, ಬಣ್ಣ ತುಂಬುವ ಸ್ಪರ್ಧೆಗೆ ನಾಲ್ಕು ವರ್ಷದ ಕೂಸುಗಳನ್ನು ಸಾಲಾಗಿ ಕೂರಿಸುವ ನಮ್ಮ ಅಭ್ಯಾಸ ಇದರ ಮುಂದೆ ನಿಲ್ಲುವುದಿಲ್ಲ. ಬರೆದದ್ದನ್ನು ಮಗುವಿನ ಕಣ್ಣೆತ್ತರಕ್ಕೆ ದಾರ ಕಟ್ಟಿ ನೇತುಹಾಕಿ. ಯಾವುದನ್ನು ಹಾಕಬೇಕು, ಯಾವುದನ್ನು ತೆಗೆಯಬೇಕು ಎಂಬುದನ್ನು ಅದೇ ಹೇಳಲಿ.

ಕೊನೆಗೊಂದು ಪರೀಕ್ಷೆ. ಮೂಲೆ ಸಿದ್ಧವಾದ ಮೇಲೆ ಅದರ ಮುಂದೆ ನೀವು ಮಂಡಿಯೂರಿ ಕುಳಿತು, ಏಳದೆ, ಯಾರನ್ನೂ ಕರೆಯದೆ, ಒಂದು ಚಿತ್ರ ಬರೆದು ಕೈ ತೊಳೆದುಕೊಳ್ಳಿ. ನಡುವೆ ಯಾವ ವಸ್ತುವಿಗಾಗಿ ಏಳಬೇಕಾಯಿತೋ ಅದನ್ನು ಕೆಳಗಿಳಿಸಿ, ಇಲ್ಲವೇ ತೆಗೆದುಬಿಡಿ.