ಹೆಸರು ಬದಲಾದರೂ ಕದಲದ ಗಂಟು

2014ರ ನವೆಂಬರ್ 1ರಂದು ಇಂಗ್ಲಿಷಿನ ಬ್ಯಾಂಗಲೋರ್ ಅಧಿಕೃತವಾಗಿ ಬೆಂಗಳೂರಾಯಿತು. ಎಷ್ಟು ಬೋರ್ಡು, ಎಷ್ಟು ರಬ್ಬರ್ ಸ್ಟಾಂಪು ಬದಲಾಗಬೇಕಾಯಿತೋ! ವಿಕಿಡೇಟಾದಲ್ಲಿ ಮಾತ್ರ ಊರು ಕ್ಯೂ1355 ಆಗಿಯೇ ಉಳಿಯಿತು. 2012ರಲ್ಲಿ ಶುರುವಾದ ಈ ಜ್ಞಾನಜಾಲದ ಜಾಣತನ ಇರುವುದೇ ಇಲ್ಲಿ: ವಸ್ತುವಿಗೊಂದು ಸಂಖ್ಯೆ, ಹೆಸರು ಅದರ ಮೇಲೆ ಅಂಟಿಸಿದ ಚೀಟಿ. ಕ್ಯೂ1355ರಿಂದ ಕ್ಯೂ1185ಕ್ಕೆ, ಅಂದರೆ ಕರ್ನಾಟಕಕ್ಕೆ, ‘ಇದರ ರಾಜಧಾನಿ’ ಎಂಬ ಎಳೆ. ಎಳೆಗೆ ಇಸವಿಯನ್ನೂ ಆಧಾರವನ್ನೂ ಕಟ್ಟಬಹುದು. ಆಧಾರಗಳು ಒಂದಕ್ಕೊಂದು ಒಪ್ಪದಿದ್ದರೆ ಎರಡನ್ನೂ ಇಟ್ಟುಕೊಳ್ಳಬಹುದು. ಈ ಸಹನೆಯೇ ನನಗೆ ತುಂಬ ಹಿಡಿಸಿದ್ದು.

ನಮ್ಮ ಕಚೇರಿಗಳಲ್ಲಿ ಯಾವ ಕಡತಕ್ಕೆ ಯಾವುದು ಸಂಬಂಧ ಎಂಬುದು ಹಳೆಯ ಗುಮಾಸ್ತರ ತಲೆಯಲ್ಲಿರುತ್ತದೆ. ಅವರು ನಿವೃತ್ತರಾದ ಮರುದಿನವೇ ಹುಡುಕಾಟ ಶುರು. ಆ ಸಂಬಂಧಗಳನ್ನೂ ಹೀಗೆಯೇ ಎಳೆಗಳಾಗಿ ಬರೆದಿಡಬಹುದು: ವಿಕಿಡೇಟಾವನ್ನು ನಡೆಸುವ ತಂತ್ರಾಂಶ ವಿಕಿಬೇಸ್ ಮುಕ್ತವಾಗಿ ಸಿಗುತ್ತದೆ. ಯಾವ ಸಂಸ್ಥೆಯಾದರೂ ತನ್ನದೇ ಜಾಲ ನೇಯ್ದುಕೊಳ್ಳಬಹುದು. ಆ ಗುಮಾಸ್ತರನ್ನು ಬೀಳ್ಕೊಡುಗೆಗೆ ಮೊದಲೇ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು, ಅಷ್ಟೆ.