ಕಡ ತಂದ ದೇವರು

ಎಂಕು ಕೆತ್ತಿದ ಬುದ್ಧನ ಮೈಮೇಲೆ ಕೊಡಲಿ ಏಟು ಹಾಗೇ ಇದೆ. ಉಜ್ಜಿ ನುಣುಪು ಮಾಡಿಲ್ಲ, ಬಂಗಾರದ ರೇಕು ಹಚ್ಚಿಲ್ಲ. ಸೌದೆ ಸೀಳಿದಂತೆ ಮರ ಸೀಳಿ, ಆ ಮುಖಕ್ಕೇ ಎರಡು ಗೀಟು ಎಳೆದರೆ ಕಣ್ಣು, ಇನ್ನೊಂದು ಎಳೆದರೆ ಬಾಯಿ. ಆ ಬಾಯಲ್ಲಿ ನಗು. 1632ರಿಂದ 1695ರವರೆಗೆ ಬದುಕಿದ್ದ ಈ ಜಪಾನಿ ಅಲೆಮಾರಿ ಭಿಕ್ಷು 1,20,000 ವಿಗ್ರಹ ಕೆತ್ತುವ ಹರಕೆ ಹೊತ್ತಿದ್ದನಂತೆ. ಇವತ್ತಿಗೂ ಉಳಿದಿರುವುದೇ 5,000ಕ್ಕೂ ಹೆಚ್ಚು.

ಪಂಡಿತರು ಇದನ್ನು ಒರಟು ಸೌಂದರ್ಯ ಅಂತಾರೆ. ಹಿದಾ ಸೀಮೆಯ ಸೆಂಕೋಜಿ ಗುಡಿಯ ಎಂಕು ವಿಗ್ರಹಗಳನ್ನು 2013ರಲ್ಲಿ ಟೋಕಿಯೋದ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ತಂದು ಪ್ರದರ್ಶನವನ್ನೂ ಮಾಡಿದರು. ಮ್ಯೂಸಿಯಂ ಅಂದಮೇಲೆ ಮುಟ್ಟೋ ಹಾಗಿಲ್ಲ. ಆದರೆ ಅದೇ ಸೆಂಕೋಜಿಯ 33 ಕನ್ನೊನ್ ವಿಗ್ರಹಗಳ ಕತೆ ಕೇಳಿ. ಕನ್ನೊನ್ ಅಂದರೆ ಅವಲೋಕಿತೇಶ್ವರ, ಕರುಣೆಯ ಬೋಧಿಸತ್ವ. ಸುತ್ತಲ ಹಳ್ಳಿಯವರು ಮನೇಲಿ ಯಾರಿಗಾದರೂ ಕಾಯಿಲೆಯಾದರೆ ಒಂದನ್ನು ಕಡ ಒಯ್ದು ಪೂಜೆ ಮಾಡುತ್ತಿದ್ದರಂತೆ. ಈಗಿರುವುದು 31. ವಾಪಸ್ ಬಾರದ ಆ ಎರಡರ ಮೇಲೇ ನಮಗೆ ಪ್ರೀತಿ. ನೆರೆಮನೆಯಿಂದ ಮೊರ, ಒನಕೆ ಕೇಳಿ ತಂದ ಹಾಗೆ ದೇವರನ್ನು ತರೋದು! ಗುಡಿಯ ಹೊರಗೇ ನಿಂತು ಕೈಮುಗಿದವರ ಮಕ್ಕಳಾದ ನಮಗೆ ಇದನ್ನು ನಂಬೋದೇ ಕಷ್ಟ.

ಹಾಗಂತ ಜಪಾನಿನ ಬೌದ್ಧ ಗುಡಿಗಳಿಗೆ ಜೈ ಅನ್ನೋಣವೇ? ತಡೀರಿ. ಎಂಕುವಿನ ಕಾಲದಲ್ಲೇ ಒಂದೊಂದು ಮನೆಯೂ ಒಂದು ಗುಡಿಯಲ್ಲಿ ದಾಖಲಾಗಬೇಕೆಂಬ ಕಟ್ಟಳೆ ಬಂತು. ಸತ್ತವರಿಗೆ ಹೊಸ ಹೆಸರು ಇಡುವವನು ಗುಡಿಯ ಪುರೋಹಿತ. ಮನೆಯ ದೇವರಗೂಡಿನಲ್ಲಿ ವಿಗ್ರಹದ ಜೊತೆ ಹಲಗೆ ಮೇಲೆ ಬರೆದಿಟ್ಟು ಪೂಜಿಸುವುದೂ ಆ ಹೆಸರನ್ನೇ. ಚರ್ಮ ಹದಮಾಡುವ, ಸತ್ತ ದನ ಎತ್ತುವ ಬುರಾಕು ಜನಕ್ಕೆ ಎಂಥ ಹೆಸರು ಕೊಟ್ಟರು? 'ಪಶು', 'ಚರ್ಮ', 'ಆಳು' ಎಂಬ ಅಕ್ಷರ ತುರುಕಿದ ಹೆಸರು! ಗೋರಿಕಲ್ಲಿನ ಮೇಲೂ ಅದೇ, ಗುಡಿಯ ದಫ್ತರದಲ್ಲೂ ಅದೇ. ಸುಟ್ಟು ಬೂದಿಯಾದರೂ ಜಾತಿ ಬಿಡಲಿಲ್ಲ.

1922ರಲ್ಲಿ ಬುರಾಕು ಜನ ತಾವೇ ಸುಯಿಹೈಶಾ ಎಂಬ ಸಂಘಟನೆ ಕಟ್ಟಿ ಬೀದಿಗಿಳಿದರು. ಆದರೂ 1979ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ನಡೆದ ವಿಶ್ವಧರ್ಮಗಳ ಸಮ್ಮೇಳನದಲ್ಲಿ ಸೋತೊ ಝೆನ್ ಪಂಥದ ಮುಖಂಡ ಜಪಾನಿನಲ್ಲಿ ಇಂಥ ಭೇದವೇ ಇಲ್ಲ ಅಂದುಬಿಟ್ಟ. (ನಮ್ಮ ಮಠಗಳ ಭಾಷಣ ಕೇಳಿದವರಿಗೆ ಈ ದನಿ ಪರಿಚಯವೇ.) ಬುರಾಕು ಜನ ಸುಮ್ಮನಿರಲಿಲ್ಲ. 1984ರಲ್ಲಿ ಆತ ಮಾತು ವಾಪಸ್ ತೆಗೆದುಕೊಳ್ಳಬೇಕಾಯಿತು. ದಫ್ತರ, ಗೋರಿಕಲ್ಲು ಹುಡುಕಿ ಹೆಸರು ತಿದ್ದುವ ಕೆಲಸವನ್ನೂ ಪಂಥ ಮಾಡಬೇಕಾಯಿತು.

ಈಗ ಆ 33 ಕನ್ನೊನ್‌ಗಳ ಕಡೆ ಮತ್ತೆ ನೋಡಿ. ಅವುಗಳಲ್ಲಿ ಒಂದಾದರೂ ಬುರಾಕು ಕೇರಿಯ ಕಾಯಿಲೆ ಮನೆಗೆ ಹೋಗಿತ್ತೇ? ಒರಟು ಸೌಂದರ್ಯ ಹೊಗಳುವ ಪಂಡಿತರು ಮೊದಲು ಇದನ್ನು ಕೇಳಲಿ.